ಕಂಪ್ಯೂಟರ್ ಮಾತು ನಿಲ್ಲಿಸುವ ಜಾಗ

ಕುಬಿಹಾಳ
12 ಆಗಸ್ಟ್ 2024

ಮಹಾಲಕ್ಷ್ಮಿ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಬ್ರೈಲಿನಲ್ಲೇ ಬರೆಯುತ್ತಿದ್ದೇನೆ, ಬೇರೆ ಲಿಪಿ ನನಗೆ ಬರುವುದಿಲ್ಲ. ನಿನಗೆ ಕಣ್ಣು ಬಂದ ಮೇಲೂ ಈ ಚುಕ್ಕಿಗಳನ್ನು ಬೆರಳಿನಿಂದ ಓದುತ್ತೀಯೋ, ಇಲ್ಲಾ ನೋಡಿ ಓದುತ್ತೀಯೋ ತಿಳಿಯದು. ಹೇಗೆ ಓದಿದರೂ ಸರಿ, ಪೂರ್ತಿ ಓದು.

ಫೋನ್ ಮಾಡಬಹುದಿತ್ತು. ಆದರೆ ನಮ್ಮದು ಸಣ್ಣ ಮನೆ, ಒಂದು ಮೂಲೆಯಲ್ಲಿ ಪಿಸುಗುಟ್ಟಿದರೆ ಇನ್ನೊಂದು ಮೂಲೆಗೆ ಕೇಳುತ್ತದೆ. ಈ ವಿಷಯ ಸದ್ಯಕ್ಕೆ ಮನೆಯವರ ಕಿವಿಗೆ ಬೀಳುವುದು ಬೇಡ. ಬ್ರೈಲ್ ಕಾಗದವಾದರೆ ಅಮ್ಮಿ ಒಮ್ಮೆ ಕೈಯಾಡಿಸಿ, ತಿರುಗಿಸಿ, ನನಗೇ ವಾಪಸ್ ಕೊಡುತ್ತಾಳೆ. ಇಲಿಯಾಸ್ ಭಾಯ್ ಮುಟ್ಟುವುದೂ ಇಲ್ಲ.

ವಿಷಯ ಇಷ್ಟು. ಹುಬ್ಬಳ್ಳಿಯಲ್ಲಿ ಒಂದು ಸಂಸ್ಥೆ ನಮ್ಮ ಕಡೆಯ ಹಳ್ಳಿಗಳ ಹಿರಿಯರ ಮಾತನ್ನು ರೆಕಾರ್ಡ್ ಮಾಡಿ ಕೂಡಿಡುತ್ತಿದೆಯಂತೆ. ಅದನ್ನು ಕೇಳಿ, ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿಕೊಡುವವರು ಬೇಕಾಗಿದ್ದಾರೆ. ಶಾಲೆಯ ರೂಬಿನಾ ಟೀಚರ್ ನನ್ನ ಹೆಸರು ಕೊಟ್ಟಿದ್ದಾರೆ. ಮನೆಯಲ್ಲೇ ಕೂತು ಮಾಡುವ ಕೆಲಸ. ಕಿವಿ ಚುರುಕಿರಬೇಕು, ಬೆರಳು ಓಡಬೇಕು, ಅಷ್ಟೇ. ಅವೆರಡೂ ನನ್ನ ಹತ್ತಿರ ಇವೆ. ಅಕ್ಟೋಬರ್ ಕೊನೆಯೊಳಗೆ ಅವರ ವೆಬ್‌ಸೈಟಿನಲ್ಲಿ ಒಂದು ಪರೀಕ್ಷೆ ಕೊಡಬೇಕು.

ಕಂಪ್ಯೂಟರ್ ಇದೆ. ಇಲಿಯಾಸ್ ಭಾಯ್ ಕುಂದಗೋಳದಲ್ಲಿ ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನಲ್ಲ, ಅಲ್ಲಿಗೆ ಹೊಸದು ತಂದು ಹಳೆಯದನ್ನು ಮನೆಗೆ ಹಾಕಿದ್ದಾನೆ. ಶಾಲೆ ಬಿಡುವಾಗ ನಮಗೆಲ್ಲ ಕೊಟ್ಟಿದ್ದ ಪೆನ್ ಡ್ರೈವನ್ನು ಅದಕ್ಕೆ ಚುಚ್ಚಿದೆ. ನಮ್ಮ ಯಲ್ಲಪ್ಪ ಮಾಸ್ತರು ಎದ್ದು ಮಾತಾಡಿದರು. ಪರದೆಯಲ್ಲಿ ಬಂದದ್ದನ್ನೆಲ್ಲ ಓದಿ ಹೇಳುವ ಆ ಧ್ವನಿಗೆ ನಾವು ಗಣಿತದ ಮಾಸ್ತರ ಹೆಸರಿಟ್ಟಿದ್ದು ನೆನಪಿದೆಯೋ ಇಲ್ಲವೋ. ಇಷ್ಟು ವರ್ಷವಾದರೂ ಅದೇ ಸಪ್ಪೆ ದನಿ, ಅದೇ ಅವಸರ.

ತೊಂದರೆ ಬ್ರೌಸರಿನದು. ಈ ಕಂಪ್ಯೂಟರಿನಲ್ಲಿರುವ ಬ್ರೌಸರ್ ತೀರ ಹಳೆಯದು, ಆ ವೆಬ್‌ಸೈಟ್ ಅದರಲ್ಲಿ ತೆರೆಯುವುದಿಲ್ಲ, ಹೊಸದನ್ನು ಹಾಕಿಕೊಳ್ಳಿ ಎನ್ನುತ್ತದೆ. ಹೊಸದರ ಫೈಲನ್ನು ಇಳಿಸಿಕೊಂಡೆ. ಅದರ ಮೇಲೆ ಎಂಟರ್ ಒತ್ತಿದರೆ ‘ಟಂಗ್’ ಅಂತ ಒಂದು ಸದ್ದು ಬರುತ್ತದೆ. ಅಷ್ಟೇ, ಮಾಸ್ತರು ಸುಮ್ಮನಾಗುತ್ತಾರೆ. ಯಾವ ಕೀ ಒತ್ತಿದರೂ ಮಾತಿಲ್ಲ. ಕಾಯುತ್ತೇನೆ, ಕೊನೆಗೆ ಹೆದರಿ ಕಂಪ್ಯೂಟರ್ ಆರಿಸುತ್ತೇನೆ. ಮತ್ತೆ ಹಚ್ಚಿದರೆ ಮಾತು ಬರುತ್ತದೆ, ಬ್ರೌಸರ್ ಬಂದಿರುವುದಿಲ್ಲ.

ಕೆಲಸದ ಸುದ್ದಿ ಮನೆಯಲ್ಲಿ ಹೇಳದೆ ಭಾಯ್‌ನನ್ನು ಕೇಳುವ ಹಾಗಿಲ್ಲ. ಕಂಪ್ಯೂಟರಿನಲ್ಲಿ ನೀನು ನನಗಿಂತ ಯಾವಾಗಲೂ ಮುಂದೆ. ಏನಾಗುತ್ತಿರಬಹುದು, ಬರೆ.

ಶಬನಮ್


ಕಲಘಟಗಿ
29 ಆಗಸ್ಟ್ 2024

ಪ್ರೀತಿಯ ಶಬನಮ್,

ನಿನ್ನ ಕಾಗದ ಬಂದ ದಿನ ಸೊಸೈಟಿಯಲ್ಲಿ ಗೊಬ್ಬರಕ್ಕೆ ನಿಂತವರ ಪಾಳಿ ರಸ್ತೆಯ ತನಕ ಇತ್ತು. ಸಂಜೆ ಮನೆಗೆ ಬಂದು ಓದಿದೆ. ಬೆರಳಿನಿಂದಲೇ ಓದಿದೆ. ಬಿಳಿ ಕಾಗದದ ಮೇಲಿನ ಬಿಳಿ ಚುಕ್ಕಿ ನನ್ನ ಕಣ್ಣಿಗೆ ಕಾಣುವುದೇ ಇಲ್ಲ. ಮೊದಲಿನಷ್ಟು ಬೇಗ ಓದಲು ಆಗಲಿಲ್ಲ, ಬೆರಳು ಮಂದವಾಗಿದೆ. ಈ ಕಾಗದದಲ್ಲಿ ಚುಕ್ಕಿ ತಪ್ಪಿದ್ದರೆ ಸರಿಮಾಡಿ ಓದಿಕೋ. ಬರೆಯುವ ತಗಡು ಮತ್ತು ಮೊಳೆಯನ್ನು ಅವ್ವ ಅಟ್ಟದಿಂದ ಹುಡುಕಿ ತೆಗೆದುಕೊಟ್ಟಳು.

ನನ್ನ ಸುದ್ದಿ ವಿಶೇಷವೇನಿಲ್ಲ. ಆಪರೇಷನ್ ಆದ ಬಲಗಣ್ಣು ಚೆನ್ನಾಗಿದೆ, ಔಷಧಿ ಬಿಟ್ಟುಕೊಳ್ಳುತ್ತಿದ್ದೇನೆ. ಸೊಸೈಟಿಯಲ್ಲಿ ಕೌಂಟರಿನ ಕೆಲಸ. ಸಂಜೆ ಪಕ್ಕದ ಮನೆಯ ಅಂದಾನೆಪ್ಪ ಕಾಕಾ ತೊಟ್ಟಿಲಿಗೆ ಬಣ್ಣ ಹಚ್ಚುವಾಗ ಹೋಗಿ ಕೂಡುತ್ತೇನೆ. ನಾಲ್ಕು ವರ್ಷದವಳಿದ್ದಾಗ ದಡಾರ ಬಂದು ಕಣ್ಣು ಹೋದವಳು ನಾನು, ಬಣ್ಣದ ಹೆಸರುಗಳೆಲ್ಲ ಕಲೆಸಿಹೋಗಿದ್ದವು. ಕಾಕಾ ಒಂದೊಂದು ಡಬ್ಬಿ ತೋರಿಸಿ ಕೇಳುತ್ತಾರೆ, ನಾನು ಹೇಳುತ್ತೇನೆ. ಹಸಿರು, ನೀಲಿ ಎರಡರಲ್ಲಿ ಇನ್ನೂ ಎಡವುತ್ತೇನೆ.

ನಿನ್ನ ತೊಂದರೆ ದೊಡ್ಡದಲ್ಲ. ಇನ್‌ಸ್ಟಾಲ್ ಮಾಡುವಾಗ ಪರದೆಯ ನಡುವೆ ಒಂದು ಚೌಕ ಬರುತ್ತದೆ. ಅದರ ಮೇಲ್ಭಾಗ ನೀಲಿ. ಕೆಳಗೆ ಎರಡು ಗುಂಡಿ ಇರುತ್ತವೆ. ಎಡಗಡೆಯದರ ಮೇಲೆ ಮೌಸ್ ಬಾಣ ತಂದು ಒಮ್ಮೆ ಒತ್ತಿದರೆ ಮುಂದಕ್ಕೆ ಹೋಗುತ್ತದೆ. ಯಾರಾದರೂ ಬಾಜು ಕೂತು ನೋಡಿ ಹೇಳಿದರೆ ಒಂದು ನಿಮಿಷದ ಕೆಲಸ.

ನೀನು ಕೆಲಸ ಮಾಡುತ್ತೀಯೆಂದರೆ ನನಗೆ ಬಹಳ ಸಂತೋಷ. ಅಮ್ಮಿಗೆ ನನ್ನ ಸಲಾಂ ಹೇಳು.

ನಿನ್ನ,
ಮಹಾಲಕ್ಷ್ಮಿ


ಕುಬಿಹಾಳ
9 ಸೆಪ್ಟೆಂಬರ್ 2024

ಮಹಾಲಕ್ಷ್ಮಿ,

ನಿನ್ನ ಕಾಗದ ಮುಟ್ಟಿತು. ತಪ್ಪು ಚುಕ್ಕಿಗಳು ಬಹಳ ಇರಲಿಲ್ಲ.

ಮೇಲ್ಭಾಗ ನೀಲಿ ಎಂದು ಬರೆದಿದ್ದೀ. ನೀಲಿ ನನಗೆ ಸಿಗಲಿಲ್ಲ. ಮೌಸನ್ನು ಟೇಬಲ್ ಮೇಲೆ ಅತ್ತಿತ್ತ ಎಳೆದಾಡಿದೆ. ಬಾಣ ಎಲ್ಲಿದೆ ಎಂದು ಮಾಸ್ತರೇ ಹೇಳದಿದ್ದರೆ ನನಗೆ ಹೇಗೆ ತಿಳಿಯಬೇಕು?

ಬಾಜು ಕೂತು ನೋಡುವವರು ಅಂದರೆ ಅಮ್ಮಿ ಒಬ್ಬಳೇ. ಹೊಲದಲ್ಲಿ ಹೆಸರುಕಾಯಿ ಬಿಡಿಸಿ ಬಂದು ಸುಸ್ತಾಗಿದ್ದಳು, ಆದರೂ ಕೂತಳು. ಯಾವುದೋ ಕಥೆ ಕೇಳುವುದಕ್ಕೆ ಬೇಕು ಎಂದು ಹೇಳಿದ್ದೆ. ಎಂಟರ್ ಒತ್ತಿದೆ, ‘ಟಂಗ್’ ಅಂದಿತು. ಏನು ಕಾಣುತ್ತದೆ ಎಂದು ಕೇಳಿದೆ.

“ಎಲ್ಲಾ ಮಬ್ಬ ಆತ ಬೇಟಾ. ನಡುವ ಒಂದ ಡಬ್ಬಿ ಬಂದೈತಿ. ಇಂಗ್ಲಿಷ್‌ನ್ಯಾಗ ಏನೋ ಬರದೈತಿ,” ಅಂದಳು. ಅಮ್ಮಿಗೆ ಕನ್ನಡವೇ ಕೂಡಿಸಿ ಓದಬೇಕು. ಅಕ್ಷರದ ಆಕಾರ ಹೇಳು ಎಂದೆ. ಆಕಾರ ಹೇಳಿದರೂ ಇಂಗ್ಲಿಷ್ ಅಕ್ಷರದ ಆಕಾರ ನನಗೆಲ್ಲಿ ಗೊತ್ತು? ಇಬ್ಬರೂ ನಕ್ಕೆವು. ಅಷ್ಟರಲ್ಲಿ ಡಬ್ಬಿ ತಾನೇ ಹೋಯಿತಂತೆ.

ಎಲ್ಲಾ ಮಬ್ಬಾಗುವುದು ಯಾಕೆ, ಡಬ್ಬಿ ಬಂದಾಗ ಮಾಸ್ತರು ಬಾಯಿ ಮುಚ್ಚುವುದು ಯಾಕೆ, ಇಷ್ಟು ತಿಳಿದರೆ ಸಾಕು. ತಿಳಿಯದಿದ್ದರೂ ಸರಿ, ನಾನು ರೂಬಿನಾ ಟೀಚರನ್ನು ಕೇಳುತ್ತೇನೆ. ನಿನಗೆ ಕೆಲಸ ಬಹಳ ಇರಬೇಕು.

ಶಬನಮ್


ಕಲಘಟಗಿ
30 ಸೆಪ್ಟೆಂಬರ್ 2024

ಶಬನಮ್,

ನಿನ್ನ ಕಾಗದವನ್ನು ಎಷ್ಟೋ ಸಲ ತೆಗೆದು ಓದಿದೆ. ‘ನೀಲಿ ನನಗೆ ಸಿಗಲಿಲ್ಲ’ ಎಂಬ ಸಾಲಿನ ಮೇಲೆ ಬೆರಳು ಮತ್ತೆ ಮತ್ತೆ ಹೋಗುತ್ತಿತ್ತು.

ಹೋದ ಭಾನುವಾರ ನನ್ನ ಲ್ಯಾಪ್‌ಟಾಪ್ ತೆಗೆದೆ. ಶಾಲೆಯ ಪೆನ್ ಡ್ರೈವ್ ನನ್ನ ಬಳಿಯೂ ಇತ್ತು, ಎರಡು ವರ್ಷದಿಂದ ಮುಟ್ಟಿರಲಿಲ್ಲ. ಅದನ್ನು ಚುಚ್ಚಿ, ಪರದೆಯ ಮೇಲೆ ಅವ್ವನ ಶಾಲು ಹೊದಿಸಿದೆ. ಮಾಸ್ತರು ಮಾತಾಡಿದಾಗ ಹಾಸ್ಟೆಲಿನ ಕಂಪ್ಯೂಟರ್ ಕೋಣೆಯ ವಾಸನೆಯೇ ಬಂದಂತಾಯಿತು, ಆ ಹಳೆ ಗೋಣಿಚೀಲದ ವಾಸನೆ. ನೀನು ಮಾಡಿದ ಹಾಗೆಯೇ ಬ್ರೌಸರಿನ ಫೈಲ್ ಇಳಿಸಿಕೊಂಡೆ, ಎಂಟರ್ ಒತ್ತಿದೆ. ‘ಟಂಗ್’ ಅಂದಿತು. ಮಾಸ್ತರು ಸುಮ್ಮನಾದರು.

ನಾನು ಶಾಲು ಎತ್ತಿ ನೋಡಿಬಿಟ್ಟೆ. ಒಂದು ಕ್ಷಣವೂ ತಡೆಯಲಾಗಲಿಲ್ಲ. ಆಮೇಲೆ ನನಗೇ ನಾಚಿಕೆಯಾಯಿತು. ಅದನ್ನು ರದ್ದು ಮಾಡಿ ಮೊದಲಿನಿಂದ ಶುರು ಮಾಡಿದೆ. ಈ ಸಲ ಕಣ್ಣೂ ಮುಚ್ಚಿ, ಮೌನದಲ್ಲಿ ಕೂತೆ. ಹೊರಗೆ ಟ್ರ್ಯಾಕ್ಟರ್ ಹೋದ ಸದ್ದು ಕೇಳಿತು, ಕಾಕಾ ಮರ ಉಜ್ಜುತ್ತಿದ್ದರು, ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎದುರಿಗಿನ ಕಂಪ್ಯೂಟರ್ ಮಾತ್ರ ಕಲ್ಲಾಗಿತ್ತು. ನೀನು ಇದರ ಮುಂದೆ ಎಷ್ಟು ಸಲ ಕೂತಿದ್ದೀಯೋ ಏನೋ.

ಈಗ ಕೇಳು. ಕಂಪ್ಯೂಟರ್ ಕೆಟ್ಟಿಲ್ಲ, ನಿನ್ನ ತಪ್ಪೂ ಇಲ್ಲ. ಹೊಸದೇನಾದರೂ ಹಾಕುವ ಮುಂಚೆ ಅದು ‘ಹಾಕಲೇ?’ ಎಂದು ಅನುಮತಿ ಕೇಳುತ್ತದೆ. ಅನುಮತಿ ಕೇಳುವಾಗ ಉಳಿದ ಎಲ್ಲವನ್ನೂ ಹಿಂದಕ್ಕೆ ಸರಿಸಿ, ಬೇರೆಯವರು ಯಾರೂ ಕೈಹಾಕದಂತೆ ಬಾಗಿಲು ಹಾಕಿಕೊಳ್ಳುತ್ತದೆ. ಅದಕ್ಕೇ ಅಮ್ಮಿಗೆ ಮಬ್ಬು ಕಂಡದ್ದು. ನಮ್ಮ ಮಾಸ್ತರು ಪೆನ್ ಡ್ರೈವಿನಿಂದ ಬಂದವರು, ಕಂಪ್ಯೂಟರಿನ ಲೆಕ್ಕದಲ್ಲಿ ಹೊರಗಿನವರು. ಅವರನ್ನೂ ಆ ಬಾಗಿಲ ಆಚೆ ನಿಲ್ಲಿಸುತ್ತದೆ. ಅದು ಕೇಳುತ್ತಾ ಇರುತ್ತದೆ, ನಮಗೆ ಕೇಳಿಸುವುದಿಲ್ಲ, ಅಷ್ಟೇ.

ಹಾಗಾಗಿ ಮೌನ ಬಂದರೆ ಕಂಪ್ಯೂಟರ್ ಆರಿಸಬೇಡ. ‘ಟಂಗ್’ ಅಂದ ಮೇಲೆ ಒಂದು ಉಸಿರು ಬಿಟ್ಟು, ಸ್ಪೇಸ್ ಬಾರಿನ ಎಡಕ್ಕೆ ತಾಗಿ ಇರುವ ಆಲ್ಟ್ ಕೀ ಒತ್ತಿ ಹಿಡಿದು ವೈ ಅಕ್ಷರ ಒತ್ತು. ಅದು ‘ಹೌದು’ ಎಂದು ಹೇಳಿದ ಹಾಗೆ. ನಾನು ಕಣ್ಣು ಮುಚ್ಚಿಕೊಂಡೇ ಒತ್ತಿದೆ. ಮಾಸ್ತರು ತಿರುಗಿ ಬಂದರು, ಬ್ರೌಸರ್ ಹಾಕುವ ಕೆಲಸ ಶುರುವಾಗಿದೆ ಎಂದರು.

ಇನ್ನೊಂದು. ಆಲ್ಟ್ ವೈ ಒತ್ತಿದಾಗ ಬೈದಂತೆ ಒಂದು ಸದ್ದು ಬಂದು ಮೌನ ಹಾಗೇ ಉಳಿದರೆ, ಅದು ಬರೀ ‘ಹೌದು’ ಕೇಳುತ್ತಿಲ್ಲ, ಪಾಸ್‌ವರ್ಡ್ ಕೇಳುತ್ತಿದೆ. ಕಂಪ್ಯೂಟರಿನ ಯಜಮಾನ ಯಾರೋ ಅವರ ಪಾಸ್‌ವರ್ಡ್. ಅದನ್ನೂ ಆ ಮೌನದಲ್ಲೇ ಟೈಪ್ ಮಾಡಿ ಎಂಟರ್ ಒತ್ತಬೇಕು. ಬ್ರೌಸರ್ ಆದ ಕೂಡಲೇ ಮಾಸ್ತರನ್ನೂ ಪೆನ್ ಡ್ರೈವಿನಿಂದ ಬಿಡಿಸಿ ಕಂಪ್ಯೂಟರಿನೊಳಗೇ ಹಾಕಿಕೋ. ಅವರ ಮೆನುವಿನಲ್ಲೇ ಅದಕ್ಕೆ ದಾರಿ ಇದೆ. ಆಮೇಲೆ ಅವರು ಮನೆಯವರಾಗುತ್ತಾರೆ, ಅನುಮತಿ ಕೇಳುವಾಗಲೂ ಓದಿ ಹೇಳುತ್ತಾರೆ.

ಏನಾಯಿತು ಬರೆ. ಕಾಯುತ್ತಿರುತ್ತೇನೆ.

ನಿನ್ನ,
ಮಹಾಲಕ್ಷ್ಮಿ


ಕುಬಿಹಾಳ
27 ಅಕ್ಟೋಬರ್ 2024

ಪ್ರೀತಿಯ ಮಹಾಲಕ್ಷ್ಮಿ,

ನಿನ್ನ ಕಾಗದ ಓದಿ ಮುಗಿಸಿ ನೇರವಾಗಿ ಕಂಪ್ಯೂಟರ್ ಮುಂದೆ ಕೂತೆ. ‘ಟಂಗ್’ ಅಂದಿತು. ಆಲ್ಟ್ ವೈ ಒತ್ತಿದೆ. ಬೈಗಳ ಸದ್ದು ಬಂತು. ಪಾಸ್‌ವರ್ಡ್. ಯಜಮಾನ ಇಲಿಯಾಸ್ ಭಾಯ್.

ಗೊತ್ತಿರುವ ಹೆಸರುಗಳನ್ನೆಲ್ಲ ಹಾಕಿ ನೋಡಿದೆ. ಅಬ್ಬಾನ ಹೆಸರು, ಅಮ್ಮಿಯ ಹೆಸರು, ಅಂಗಡಿಯ ಹೆಸರು. ನನ್ನ ಹೆಸರನ್ನೂ ಹಾಕಿದೆ. ಯಾವುದೂ ಅಲ್ಲ. ಭಾಯ್‌ಗೆ ಹೇಳದೆ ಮಾಡಬೇಕು ಎಂದುಕೊಂಡಿದ್ದ ಕೆಲಸಕ್ಕೆ ಭಾಯ್‌ನೇ ಬೇಕಾಯಿತು. ಇದಾದ ಮೇಲೆ ಬಹಳ ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಹೇಗೆ ಕೇಳಲಿ ಎನ್ನುವುದೇ ಯೋಚನೆ. ಅವನು ಕೆಟ್ಟವನಲ್ಲ, ನಿನಗೆ ಗೊತ್ತು. ಅಬ್ಬಾ ಹೋದಾಗ ಇನ್ನೂ ಮೀಸೆ ಬಂದಿರಲಿಲ್ಲ, ಆಗಿನಿಂದ ಮನೆ ನಡೆಸುತ್ತಿದ್ದಾನೆ. ನನಗೆ ಏನು ಬೇಕೆಂದು ನಾನು ಹೇಳುವ ಮೊದಲೇ ತಂದಿಡುತ್ತಾನೆ. ಅದೇ ಕಷ್ಟ. ನಾನು ಬಾಯಿ ಬಿಟ್ಟು ಕೇಳುವ ಅಭ್ಯಾಸವೇ ನಮ್ಮಿಬ್ಬರಿಗೂ ಇಲ್ಲ.

ಹೋದ ಶುಕ್ರವಾರ ನಮಾಜು ಮುಗಿಸಿ ಊಟಕ್ಕೆ ಮನೆಗೆ ಬಂದಿದ್ದ. ಅಮ್ಮಿ ಬಡಿಸುತ್ತಿದ್ದಳು. ನಮ್ಮ ಮನೆಯ ಮಾತು ಉರ್ದು, ನಿನಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

“ಭಾಯ್, ಕಂಪ್ಯೂಟರಿಂದು ಪಾಸ್‌ವರ್ಡ್ ಬೇಕಾಗೇತಿ,” ಅಂದೆ.

ಯಾಕೆ ಎಂದು ಕೇಳಿದ. ಕೆಲಸಕ್ಕೆ ಎಂದೆ. ಎಲ್ಲ ಹೇಳಿದೆ: ರೂಬಿನಾ ಟೀಚರ್, ಸಂಸ್ಥೆ, ಪರೀಕ್ಷೆ, ಕೊನೆಯ ತಾರೀಖು. ಅವನು ತಿನ್ನುವುದನ್ನು ನಿಲ್ಲಿಸಿದ್ದು ಗೊತ್ತಾಯಿತು.

“ನಿನಗ ಏನ ಕಮ್ಮಿ ಮಾಡೀನಿ ನಾ?” ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

“ಏನೂ ಕಮ್ಮಿ ಮಾಡಿಲ್ಲ. ಕಮ್ಮಿ ಬಿದ್ದರನ ಕೆಲಸ ಮಾಡಬೇಕೇನು? ನನಗ ಬರ್ತೈತಿ, ಅದಕ್ಕ ಮಾಡ್ತೀನಿ.”

ಊರಿನವರು ಏನೆಂದಾರು, ಕಣ್ಣಿಲ್ಲದ ತಂಗಿಯನ್ನು ದುಡಿಯಲು ಹಚ್ಚಿದ್ದಾನೆ ಎಂದಾರು ಎಂದು ಏನೇನೋ ಹೇಳಿದ. ನಾನು ಕೇಳಿಸಿಕೊಂಡೆ. ಆಗ ಅಮ್ಮಿ ಅವನ ತಟ್ಟೆಗೆ ಸಾರು ಹಾಕುತ್ತಾ ಅಂದಳು: “ನಾ ಮಂದಿ ಹೊಲದಾಗ ಹೆಸರ ಬಿಡಸಾಕ ಹೋಗ್ತೀನಿ. ನನಗ ಎಂದರೆ ಬ್ಯಾಡ ಅಂದೀಯೇನು? ಅಕಿಗೂ ಕೈ ಅದಾವ.”

ಭಾಯ್ ಎದ್ದು ಕೈ ತೊಳೆದು ಹೊರಗೆ ಹೋದ. ಅಂಗಳದಲ್ಲಿ ಬೈಕಿನ ಹತ್ತಿರ ಅವನ ಚಪ್ಪಲಿಯ ಸದ್ದು ನಿಂತಿತು. ಬೈಕ್ ಹಚ್ಚಿಕೊಂಡು ಹೋಗಿಬಿಡುತ್ತಾನೆ, ಇನ್ನು ಈ ಮಾತು ಎತ್ತುವ ಹಾಗಿಲ್ಲ ಎಂದುಕೊಂಡೆ. ಬೈಕ್ ಹಚ್ಚುವ ಸದ್ದೇ ಬರಲಿಲ್ಲ. ಅವನು ತಿರುಗಿ ಒಳಗೆ ಬಂದ, ನನ್ನ ಮುಂದೆ ಕೂತು ಪಾಸ್‌ವರ್ಡ್ ಹೇಳಿದ. ಅದು ಆ ಬೈಕಿನ ನಂಬರು! ಸ್ವಂತ ಬೈಕಿನ ನಂಬರು ಬಾಯಿಪಾಠ ಇಲ್ಲದೆ ಹೊರಗೆ ಹೋಗಿ ಪ್ಲೇಟು ನೋಡಿಕೊಂಡು ಬಂದಿದ್ದ. ಅಮ್ಮಿ ನಕ್ಕು ನಕ್ಕು ನೀರು ಕುಡಿಯಬೇಕಾಯಿತು. ಕೊನೆಗೆ ಅವನೂ ನಕ್ಕ.

ತಾನೇ ಹಾಕಿಕೊಡುತ್ತೇನೆ ಎಂದು ಕುರ್ಚಿ ಎಳೆದ. ಬೇಡ, ನಾನು ಹಾಕುತ್ತೇನೆ, ನೀನು ಬರೀ ನೋಡು ಎಂದೆ. ‘ಟಂಗ್’ ಅಂದಿತು. ಮೌನದಲ್ಲಿ ಒಂದೊಂದೇ ಕೀ ಹುಡುಕಿ ಒತ್ತಿದೆ, ಎಂಟರ್ ಹಾಕಿದೆ. ಭಾಯ್ ನನ್ನ ಹಿಂದೆ ನಿಂತಿದ್ದ. ಮಾಸ್ತರು ಬಂದರು, ಗಡಗಡ ಓದತೊಡಗಿದರು. ಬ್ರೌಸರ್ ತೆರೆಯಿತು. ಆ ವೆಬ್‌ಸೈಟಿಗೆ ಹೋದೆ, ‘ಸ್ವಾಗತ’ ಅಂದಿತು. ಆಮೇಲೆ ನೀನು ಹೇಳಿದಂತೆ ಮಾಸ್ತರನ್ನೂ ಒಳಗೆ ಹಾಕಿಕೊಂಡೆ. “ಇಷ್ಟ ಜೋರ ಓದಿದ್ರ ನಿನಗ ಹ್ಯಾಂಗ ತಿಳೀತೈತಿ?” ಎಂದು ಭಾಯ್ ಕೇಳಿದ. ಅವನು ನನ್ನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದನ್ನು ಕೇಳಿದ್ದು ಇದೇ ಮೊದಲು ಅನ್ನಿಸಿತು.

ನಿನ್ನೆ ಪರೀಕ್ಷೆ ಕೊಟ್ಟೆ. ಕಷ್ಟವೇನಿರಲಿಲ್ಲ.

ಮಹಾಲಕ್ಷ್ಮಿ, ಒಂದು ಮಾತು. ಕಣ್ಣಿನ ಶಿಬಿರದಲ್ಲಿ ಆ ದಿನ ಒಂದೇ ಬೆಂಚಿನ ಮೇಲೆ ಕೈಹಿಡಿದು ಕೂತಿದ್ದೆವು. ಡಾಕ್ಟರು ನಿನ್ನ ಕಣ್ಣಿಗೆ ಆಗುತ್ತದೆ ಎಂದರು, ನನ್ನದಕ್ಕೆ ನರವೇ ಇಲ್ಲ, ಆಗುವುದಿಲ್ಲ ಎಂದರು. ನನಗೆ ಆಗ ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನ ಮೇಲೆ ಅಲ್ಲ. ನಿನಗೆ ಕಣ್ಣು ಬಂದ ಮೇಲೆ ನೀನು ಒಮ್ಮೆಯೂ ನನ್ನನ್ನು ನೋಡಲು ಬರಲಿಲ್ಲ. ಫೋನ್ ಮಾಡಿದರೆ ‘ಆಮ್ಯಾಗ ಮಾಡ್ತೀನಿ’ ಅನ್ನುತ್ತಿದ್ದೆ. ಯಾಕೆ ಎಂದು ಕೇಳಬಾರದು ಎಂದುಕೊಂಡಿದ್ದೆ. ಶುಕ್ರವಾರದಿಂದ ಕೇಳುವ ಧೈರ್ಯ ಬಂದಿದೆ, ಅದಕ್ಕೆ ಕೇಳುತ್ತಿದ್ದೇನೆ.

ನಿನ್ನ,
ಶಬನಮ್


ಕಲಘಟಗಿ
21 ನವೆಂಬರ್ 2024

ಪ್ರೀತಿಯ ಶಬನಮ್,

ಬ್ರೌಸರ್ ತೆರೆಯಿತು ಎಂಬಲ್ಲಿಗೆ ಬಂದಾಗ ಜೋರಾಗಿ ಕೂಗಿಬಿಟ್ಟೆ. ಅವ್ವ ಒಲೆ ಬಿಟ್ಟು ಓಡಿ ಬಂದಳು. ಅವಳಿಗೆ ಇಡೀ ಕಾಗದ ಓದಿ ಹೇಳಿದೆ, ಕೊನೆಯ ಭಾಗ ಬಿಟ್ಟು.

ಆ ಕೊನೆಯ ಭಾಗಕ್ಕೆ ಉತ್ತರ ಬರೆದು ಹರಿದು ಹಾಕಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಇದನ್ನು ಹರಿಯುವುದಿಲ್ಲ.

ಕಟ್ಟು ಬಿಚ್ಚಿದ ದಿನ ನನ್ನ ಮುಂದೆ ಒಬ್ಬ ಹೆಂಗಸು ನಿಂತು ಅಳುತ್ತಿದ್ದಳು. ಅವಳು ನನ್ನ ಅವ್ವ. ಅವಳ ದನಿ ಕೇಳಿದ ಮೇಲೆಯೇ ಗೊತ್ತಾದದ್ದು. ನಾಲ್ಕು ವರ್ಷದವಳಾಗಿ ನಾನು ನೋಡಿದ್ದ ಅವ್ವ ಕೆನ್ನೆ ತುಂಬಿದ, ಕಪ್ಪು ಕೂದಲಿನ ಅವ್ವ. ಎದುರಿಗಿದ್ದವಳು ಬೇರೆ. ಅವತ್ತಿನಿಂದ ಎಷ್ಟು ಪ್ರಯತ್ನಪಟ್ಟರೂ ಆ ಹಳೆಯ ಮುಖ ನೆನಪಿಗೆ ಬರುತ್ತಿಲ್ಲ. ಹೊಸದು ಬಂದು ಹಳೆಯದನ್ನು ಒರೆಸಿಬಿಟ್ಟಿತು. ಕಣ್ಣಿಗೆ ಅಷ್ಟು ಜೋರು ಇದೆ, ಶಬನಮ್. ಅದು ಬಂದರೆ ಬೇರೆ ಯಾವುದನ್ನೂ ಉಳಿಸುವುದಿಲ್ಲ.

ನಿನ್ನ ಮುಖ ನಾನು ಎಂದೂ ನೋಡಿಲ್ಲ. ನನ್ನ ಶಬನಮ್ ಅಂದರೆ ಒಂದು ದನಿ. ಬಲಗೈಯ ಒರಟು ಹೆಬ್ಬೆರಳು. ಪಕ್ಕದ ಮಂಚದಿಂದ ಬರುವ ಕೊಬ್ಬರಿ ಎಣ್ಣೆಯ ವಾಸನೆ. ಹತ್ತು ವರ್ಷ ಆ ಶಬನಮ್ ಜೊತೆ ಇದ್ದೆ. ಕುಬಿಹಾಳಕ್ಕೆ ಬಂದು ನಿನ್ನನ್ನು ನೋಡಿದರೆ ಅವಳೂ ಅವ್ವನ ಹಳೆಯ ಮುಖದ ಹಾಗೆ ಹೋಗಿಬಿಟ್ಟರೆ? ಆ ಜಾಗದಲ್ಲಿ ಯಾರೋ ಗುರುತಿಲ್ಲದ ಹೆಂಗಸು ಬಂದು ಕೂತುಬಿಟ್ಟರೆ? ಈ ಭಯ ಯಾರಿಗೆ ಹೇಳಲಿ? ಕಣ್ಣಿದ್ದವರಿಗೆ ಹೇಳಿದರೆ ನಗುತ್ತಾರೆ. ನಿನಗೆ ಹೇಳಿದರೆ, ಕಣ್ಣು ಸಿಕ್ಕವಳ ಸೊಕ್ಕು ಎಂದುಕೊಳ್ಳುತ್ತೀಯೇನೋ ಎಂದು ಸುಮ್ಮನಾದೆ.

ಶಾಲು ಹೊದಿಸಿ ಕಂಪ್ಯೂಟರ್ ಮುಂದೆ ಕೂತ ದಿನ ನಿನ್ನ ಪಕ್ಕದಲ್ಲೇ ಕೂತ ಹಾಗಿತ್ತು. ಅದಕ್ಕೇ ಅಷ್ಟು ಉದ್ದ ಬರೆದೆ.

ಇಷ್ಟೇ. ಇದರಲ್ಲಿ ನಿನಗೆ ಸಿಟ್ಟು ಬರುವುದಿದ್ದರೆ ಬರಲಿ.

ನಿನ್ನ,
ಮಹಾಲಕ್ಷ್ಮಿ


ಕುಬಿಹಾಳ
4 ಡಿಸೆಂಬರ್ 2024

ಪ್ರೀತಿಯ ಮಹಾಲಕ್ಷ್ಮಿ,

ಪರೀಕ್ಷೆಯಲ್ಲಿ ಪಾಸಾಗಿದ್ದೇನೆ. ಕೆಲಸ ಶುರುವಾಗಿದೆ. ಮೊದಲು ಬಂದ ರೆಕಾರ್ಡಿಂಗು ನವಲಗುಂದ ಕಡೆಯ ದುಂಡವ್ವ ಎಂಬ ಅಜ್ಜಿಯದು. ಹತ್ತಿ ಬಿಡಿಸುವ ಕಾಲದ ಮಾತು. ಹಲ್ಲಿಲ್ಲದ ಬಾಯಿ, ಹಿಂದೆ ಕೋಳಿಗಳ ಗದ್ದಲ. ಸಂಸ್ಥೆಯವರಿಗೆ ಅರ್ಥವಾಗದೆ ಖಾಲಿ ಬಿಟ್ಟಿದ್ದ ಜಾಗಗಳನ್ನೆಲ್ಲ ತುಂಬಿದೆ. ಇಲಿಯಾಸ್ ಭಾಯ್ ಮೊನ್ನೆ ಅಂಗಡಿಗೆ ಬಂದವರ ಮುಂದೆ ‘ನಮ್ಮ ತಂಗಿ ಕಂಪ್ಯೂಟರ್‌ನ್ಯಾಗ ಕೆಲಸ ಮಾಡ್ತಾಳ’ ಎಂದನಂತೆ. ಅಮ್ಮಿಯ ಕಿವಿಗೆ ಬಿತ್ತು, ನನ್ನ ಕಿವಿಗೂ ಬಂತು.

ನಿನ್ನ ಕಾಗದ ಓದಿ ಸಿಟ್ಟು ಬರಲಿಲ್ಲ. ನಿನ್ನ ಭಯ ದೂರ ಮಾಡಲು ನನಗೆ ಬರುವುದಿಲ್ಲ. ನೋಡುವುದು ಅಂದರೆ ಏನೆಂದೇ ನನಗೆ ಗೊತ್ತಿಲ್ಲ. ಒಂದು ಮಾತ್ರ ಹೇಳುತ್ತೇನೆ. ನನ್ನ ಮುಖ ನಾನೂ ನೋಡಿಲ್ಲ. ಅಮ್ಮಿ, ಭಾಯ್ ಇಬ್ಬರೂ ಚೆಂದ ಇದ್ದೀ ಅನ್ನುತ್ತಾರೆ, ಅವರನ್ನು ನಂಬುವುದು ಹೇಗೆ? ನೀನು ಬಂದು ನೋಡಿ ಸರಿಯಾಗಿ ಹೇಳು. ಹಾಗೆ ಹೇಳುವವರು ನನಗೆ ಬೇರೆ ಯಾರೂ ಇಲ್ಲ.

ಹುಬ್ಬಳ್ಳಿಯಿಂದ ಕುಂದಗೋಳದ ಬಸ್ ಹತ್ತು. ಅಲ್ಲಿಂದ ನಮ್ಮೂರಿಗೆ ಬಸ್ಸೂ ಇದೆ, ಟಂಟಂ ಕೂಡ ಸಿಗುತ್ತದೆ. ಯಾವ ಭಾನುವಾರ ಬರುತ್ತೀ ತಿಳಿಸು. ಸ್ಟಾಪಿನಲ್ಲಿ ನಿಂತಿರುತ್ತೇನೆ.

ನಿನ್ನ,
ಶಬನಮ್


ಕಲಘಟಗಿ
7 ಜನವರಿ 2025

ಪ್ರೀತಿಯ ಶಬನಮ್,

ಮೊನ್ನೆ ನಿಮ್ಮೂರಿಂದ ಹೊರಟವಳು ಸುಖವಾಗಿ ಮನೆ ಮುಟ್ಟಿದೆ. ಅಮ್ಮಿ ಕಟ್ಟಿಕೊಟ್ಟ ಹೋಳಿಗೆಯಲ್ಲಿ ಅರ್ಧ ಅಂದಾನೆಪ್ಪ ಕಾಕಾನ ಮನೆಗೆ ಹೋಯಿತು. ನಿಮ್ಮ ಅಂಗಳದಲ್ಲಿ ಹರವಿದ್ದ ಒಣಮೆಣಸಿನಕಾಯಿಯ ಘಾಟು ಇನ್ನೂ ನನ್ನ ಸೀರೆಯಲ್ಲಿದೆ.

ನೀನು ಕೇಳಿದ್ದನ್ನು ಅಲ್ಲಿ ಬಾಯಿಬಿಟ್ಟು ಹೇಳಲು ಆಗಲಿಲ್ಲ, ಎಲ್ಲರೂ ಸುತ್ತ ಕೂತಿದ್ದರು. ಈಗ ಬರೆಯುತ್ತೇನೆ. ಅದಕ್ಕೆ ಮೊದಲು ಸ್ಟಾಪಿನ ವಿಷಯ. ನೀನು ನಕ್ಕೆ, ನಾನೂ ನಕ್ಕೆ, ಆದರೆ ಅಲ್ಲಿ ಆದದ್ದು ನಗುವಂಥದ್ದಾಗಿರಲಿಲ್ಲ. ಟಂಟಂ ಇಳಿದಾಗ ಗಿಡದ ಕೆಳಗೆ ನಾಲ್ಕೈದು ಹೆಂಗಸರು ನಿಂತಿದ್ದರು. ಒಬ್ಬೊಬ್ಬರನ್ನೇ ನೋಡಿದೆ. ಎಲ್ಲರೂ ನೀನಾಗಿರಬಹುದಿತ್ತು, ಯಾರೂ ನೀನಲ್ಲದಿರಬಹುದಿತ್ತು. ಎರಡು ವರ್ಷ ಹೆದರಿದ್ದು ಇದಕ್ಕೇ. ಹಸಿರು ಓಢಣಿ ಹೊದ್ದವಳೊಬ್ಬಳು ಸುಮ್ಮನೆ ನೆಲ ನೋಡುತ್ತಾ ನಿಂತಿದ್ದಳು. ನೀನೇ ಎಂದುಕೊಂಡು ‘ಶಬನಮ್’ ಎನ್ನುತ್ತಾ ಹೋಗಿ ಕೈ ಹಿಡಿದೆ. ಮೆತ್ತಗಿನ ಕೈ, ಗುರುತಿಲ್ಲದ ಕೈ. ಆಕೆ ಗಾಬರಿಯಾಗಿ “ಯಾರ್ರಿ ನೀವು?” ಅಂದಳು. ಹಿಂದಿನಿಂದ ನೀನು “ಲೇ ಮಾಲಿ, ನಾ ಇಲ್ಲದೀನಿ” ಅಂದೆ. ಹಾಸ್ಟೆಲ್ ಬಿಟ್ಟ ಮೇಲೆ ನನ್ನನ್ನು ಯಾರೂ ಆ ಹೆಸರಿನಿಂದ ಕರೆದಿರಲಿಲ್ಲ.

ಈಗ ಮುಖ. ಕಾಕಾ ಹೇಳಿಕೊಟ್ಟ ಬಣ್ಣದಲ್ಲಿ ಹೇಳಿದರೆ ನಿನಗೆ ಉಪಯೋಗವಿಲ್ಲ. ನಿನ್ನ ಹುಬ್ಬು ದಪ್ಪ, ಮೂಗಿನ ಮೇಲೆ ಕೂಡುವಷ್ಟು ಹತ್ತಿರ. ಕೈಯಿಟ್ಟು ನೋಡಿಕೋ. ಗಲ್ಲದ ಕೆಳಗೆ ಸಣ್ಣದೊಂದು ಗಾಯದ ಕಲೆ ಇದೆ. ನಗುವಾಗ ಬಾಯಿ ಎಡಕ್ಕೆ ಸ್ವಲ್ಪ ಹೆಚ್ಚು ಹೋಗುತ್ತದೆ. ಹಣೆ ಅಮ್ಮಿಯದು. ಚೆಂದ ಇದ್ದೀ ಎಂದು ಮನೆಯವರು ಹೇಳಿದ್ದು ಸುಳ್ಳಲ್ಲ. ಆದರೆ ಮುಖ ನೋಡುವುದರಲ್ಲಿ ನಾನಿನ್ನೂ ಹೊಸಬಳು, ನನ್ನ ಮಾತನ್ನೂ ಪೂರ್ತಿ ನಂಬಬೇಡ.

ನಿಜ ಹೇಳಲೇ? ಊಟ ಮುಗಿಯುವ ತನಕ ನನಗೆ ನೀನು ಸಿಗಲಿಲ್ಲ. ದನಿ ಒಂದು ಕಡೆ, ಮುಖ ಒಂದು ಕಡೆ ಇದ್ದವು. ನಿನ್ನ ಜೊತೆ ಮಾತಾಡುವಾಗ ನೆಲ ನೋಡುತ್ತಾ ಮಾತಾಡಿದೆ. ನಿನಗೆ ಅದು ತಿಳಿದಿರಬೇಕು, ನನ್ನ ದನಿ ಕೆಳಗೆ ಬೀಳುತ್ತಿತ್ತು.

ಮಧ್ಯಾಹ್ನ ನೀನು ಕೆಲಸ ತೋರಿಸುತ್ತೇನೆ ಎಂದು ಕಂಪ್ಯೂಟರ್ ಮುಂದೆ ಕೂತೆ. ಬ್ರೌಸರ್ ತೆರೆದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ಆಮೇಲೆ ನಾನು ಪಕ್ಕದಲ್ಲಿರುವುದನ್ನೇ ಮರೆತುಬಿಟ್ಟೆ. ನಿನ್ನ ಬೆರಳು ಓಡುತ್ತಿದ್ದವು. ಕಿವಿಯಲ್ಲಿ ಯಾವ ಅಜ್ಜ ಏನು ಹೇಳುತ್ತಿದ್ದನೋ, ಅದನ್ನು ನಿನ್ನ ತುಟಿಗಳು ಸದ್ದಿಲ್ಲದೆ ಹೇಳುತ್ತಿದ್ದವು. ಒಂದೊಂದು ಮಾತನ್ನೂ ಬಾಯಲ್ಲಿ ರುಚಿ ನೋಡಿ ಆಮೇಲೆ ಬೆರಳಿಗೆ ಕೊಡುತ್ತಿದ್ದೆ.

ಶಾಲೆಯಲ್ಲಿ ಪಾಠ ಓದುವಾಗ ನೀನು ನನ್ನ ಕಿವಿಯ ಪಕ್ಕದಲ್ಲಿ ಹೀಗೇ ಗುನುಗುತ್ತಿದ್ದೆ. ಸುಮ್ಮನಿರೇ ಎಂದು ಎಷ್ಟೋ ಸಲ ಮೊಳಕೈಯಿಂದ ತಿವಿದಿದ್ದೇನೆ. ಆ ಗುನುಗು ಬರುವಾಗ ತುಟಿ ಹೇಗಿರುತ್ತದೆ ಎಂದು ನನಗೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ನೋಡುತ್ತಾ ನೋಡುತ್ತಾ ನನಗೆ ಆ ಸದ್ದು ಕೇಳಿಸತೊಡಗಿತು. ಕೈ ತಾನಾಗಿ ಎದ್ದಿತು, ನಿನ್ನ ಪಕ್ಕೆಗೆ ತಿವಿದೆ. ನೀನು ಹೆಡ್‌ಫೋನ್ ತೆಗೆಯದೆ, ತಿರುಗದೆ, “ಸುಮ್ಮನ ಕುಂಡ್ರ ಮಾಲಿ” ಅಂದೆ.

ಅಲ್ಲಿಂದ ಮುಂದೆ ನಿನ್ನ ಮುಖವನ್ನೇ ನೋಡುತ್ತಾ ಕೂತಿದ್ದೆ, ಸಂಜೆಯ ಬಸ್ಸಿನ ತನಕ.

ನಿನ್ನ,
ಮಾಲಿ